ವಿಷ ಪತ್ತೆ ಲ್ಯಾಬ್‌ಗೆ ಹೊಸದಾಗಿ ಸೇರಿದ್ದೀರಾ?

ನಾನು ಶಿರಸಿಯವಳು. ವಿಧಿವಿಜ್ಞಾನ ಲ್ಯಾಬ್‌ನ ವಿಷ ವಿಭಾಗದಲ್ಲಿ ಕೆಲಸ. ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಬಂದವರಿಗೆ ಮೊದಲ ದಿನವೇ ಜಿಸಿ-ಎಂಎಸ್ (ಮಾದರಿಯಲ್ಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಮುಟ್ಟುವ ಆಸೆ. ಕೈಗೆ ಸಿಗುವುದು ಮಾತ್ರ ರಿಜಿಸ್ಟರು!

ಬೇಸರ ಬೇಡ. ಕಾರವಾರದಿಂದ ಪೊಲೀಸರು ಶವಪರೀಕ್ಷೆಯ ಮಾದರಿಗಳ ಬಾಟಲಿ ತಂದರೆ, ಮುಚ್ಚಳ ತೆಗೆಯುವ ಮೊದಲು ಅರಗಿನ ಸೀಲನ್ನು ಪತ್ರದ ಜೊತೆ ಬಂದ ಮಾದರಿ ಸೀಲಿಗೆ ಹೋಲಿಸಿ. ಒಂದು ಅಕ್ಷರ ಬೇರೆಯಿದ್ದರೂ ಬರೆದಿಡಿ, ಮೇಲಿನವರಿಗೆ ಹೇಳಿ. ನಾನೊಮ್ಮೆ ಸುಮ್ನೆ ಸಹಿ ಹಾಕಿ ಬೈಸಿಕೊಂಡಿದ್ದೇನೆ.

ಹೊಟ್ಟೆ, ಲಿವರ್, ಕಿಡ್ನಿಯ ತುಂಡುಗಳು ಸಾಮಾನ್ಯವಾಗಿ ಉಪ್ಪುನೀರಿನಲ್ಲಿ ಬರುತ್ತವೆ. ಇನ್ನು ಉಪ್ಪು ಕರಗದು ಅನ್ನುವಷ್ಟು ಗಟ್ಟಿ ನೀರು ಅದು. ಫಾರ್ಮಲಿನ್ (ಅಂಗಾಂಶ ಕೆಡದಂತೆ ಬಳಸುವ ಇನ್ನೊಂದು ದ್ರಾವಣ) ವಾಸನೆ ಬಂದರೆ ತಕ್ಷಣ ದಾಖಲಿಸಿ, ಅದರಲ್ಲಿಟ್ಟ ತುಂಡುಗಳಿಂದ ವಿಷ ಬೇರ್ಪಡಿಸುವುದು ಕಷ್ಟ. ಬಾಟಲಿ ಕಂಠದವರೆಗೆ ತುಂಬಿದ್ದರೆ ನಿಧಾನಕ್ಕೆ ತೆಗೆಯಿರಿ, ಒಳಗೆ ಗ್ಯಾಸ್ ಕಟ್ಟಿರಬಹುದು. ರಕ್ತ ಕೆಡದಂತೆ ಅದಕ್ಕೆ ಸೋಡಿಯಂ ಫ್ಲೋರೈಡ್ ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ಮದ್ಯದ ಅಳತೆ ಹೆಚ್ಚುಕಡಿಮೆ ಆಗಬಹುದು.

ಬಣ್ಣವನ್ನೂ ಗಮನಿಸಿ. ನಮ್ಮ ಕಡೆ ಅಡಿಕೆ ಕೊಳೆ ರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ವಾ, ಹಾಗಾಗಿ ತೋಟದ ಮನೆಗಳಲ್ಲಿ ಮೈಲುತುತ್ತ ಇರುತ್ತದೆ. ಹೊಟ್ಟೆಯೊಳಗಿನದು ನೀಲಿ-ಹಸಿರು ಕಂಡರೆ ತಾಮ್ರ ನೆನಪಾಗಲಿ. ಆದರೆ ಊಹೆಯನ್ನು ವರದಿಗೆ ಹಾಕಬೇಡಿ, ಪರೀಕ್ಷೆಯೇ ಹೇಳಲಿ. ಜೊತೆಗೆ ಕಳಿಸಿದ ಬರೀ ಉಪ್ಪುನೀರಿನ ಬಾಟಲಿಯನ್ನೂ ಪರೀಕ್ಷಿಸಿ. ವಿಷ ಉಪ್ಪಿನಿಂದಲೇ ಬಂತು ಎಂದು ವಕೀಲರು ಕೇಳಿಯೇ ಕೇಳುತ್ತಾರೆ.

ವರ್ಕ್‌ಶೀಟ್‌ನಲ್ಲಿ ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು ಹಾಕಿ. ವೈಟ್ನರ್ ಬೇಡವೇ ಬೇಡ.