ಫಿಟ್ಸ್ ಇರುವವರ ಮನೆಯಲ್ಲಿ: ಮಾತ್ರೆ, ಮಳೆಗಾಲ, ಮನಸ್ಸು

ಮೂರ್ಛೆ ರೋಗದ ಮಾತ್ರೆ ಒಂದೆರಡು ಹೊತ್ತು ತಪ್ಪಿದರೂ ಫಿಟ್ಸ್ ಮರಳಬಹುದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬಂದು ಜೀವಕ್ಕೇ ಕುತ್ತು. ಗುಡ್ಡದ ಬರೆ ಕುಸಿದು ರಸ್ತೆ ಮುಚ್ಚುವ ಊರಾದರೆ ಮೇ ಮುಗಿಯುವುದರೊಳಗೆ 15 ದಿನದ ಮಾತ್ರೆ ಹೆಚ್ಚಿಗೆ ತಂದಿಡಿ. ವಾಲ್ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆಯಾದರೆ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಅದು ತೇವ ಹೀರುತ್ತದೆ, ಮಡಿಕೇರಿಯ ಜುಲೈಯಲ್ಲಂತೂ ಅಂಟಂಟಾಗುತ್ತದೆ.

ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ. ತಲೆ ಕೆಳಗೆ ಟವಲ್ ಮಡಚಿಡಿ, ಅದುರಾಟ ತಗ್ಗುತ್ತಲೇ ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಬೇಡ. 5 ನಿಮಿಷ ದಾಟಿದರೆ 108. ಆಂಬುಲೆನ್ಸ್ ಬೇಗ ತಲುಪದ ತೋಟದ ಲೈನ್ ಮನೆಗಳವರು ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಮೂಗಿನ ಸ್ಪ್ರೇ ಬರೆದುಕೊಡುವಂತೆ ಡಾಕ್ಟರನ್ನು ಮೊದಲೇ ಕೇಳಿಡಿ. ಇನ್ನೊಬ್ಬರು ಇದ್ದರೆ ಮುಖ ಕಾಣುವಂತೆ ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ಮೂರ್ಛೆ ರೋಗದಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ. ಬಿಗಿಯಾಗಿ ಮುಚ್ಚಿದ್ದು, ಅದುರಾಟ ಬಹಳ ಹೊತ್ತು ಎಳೆದರೆ ಮನಸ್ಸಿನ ಒತ್ತಡದಿಂದ ಬಂದದ್ದೂ ಇರಬಹುದು. ಅದು ನಾಟಕವಲ್ಲ, ಆದರೆ ಫಿಟ್ಸ್ ಮಾತ್ರೆಗೆ ಬಗ್ಗದು. ಅದಕ್ಕೆ ಬೇಕಾದದ್ದು ಮನೋಚಿಕಿತ್ಸೆ. ಯಾವುದೆಂದು ಡಾಕ್ಟರೇ ಹೇಳಬೇಕು, ನೀವೇ ತೀರ್ಮಾನಿಸಬೇಡಿ.

ಫಿಟ್ಸ್ ನಿಂತರೂ ‘ಮತ್ತೆ ಎಲ್ಲಿ ಬೀಳುತ್ತೇನೋ’ ಎಂಬ ಹೆದರಿಕೆ ಉಳಿಯುತ್ತದೆ. ಅದನ್ನು ಹೆಚ್ಚಿಸುವುದು ಬಹುತೇಕ ಮನೆಯವರೇ: ತೋಟಕ್ಕೆ ಬೇಡ, ಮದುವೆಗೆ ಬೇಡ, ಪಂದಿ ಕರಿಯೂ ಬೇಡ. ಚೆನ್ನಾಗಿ ಬೆಂದ ಹಂದಿ ಮಾಂಸದಿಂದ ತೊಂದರೆಯಿಲ್ಲ. ಮಿದುಳಿಗೆ ಸೇರಿ ಫಿಟ್ಸ್ ತರುವ ಲಾಡಿಹುಳುವಿನ ಮೊಟ್ಟೆ ಬರುವುದು ತೊಳೆಯದ ಕೈ, ಹಸಿ ಸೊಪ್ಪಿನಿಂದ. ತಡೆಯಬೇಕಾದದ್ದು ಕುಡಿತ, ನಿದ್ದೆಗೇಡು, ಕಾಳುಮೆಣಸು ಕುಯ್ಯುವ ಏಣಿ, ಒಂಟಿಯಾಗಿ ಕೆರೆಗಿಳಿಯುವುದು, ಬಚ್ಚಲಿನ ಒಳಚಿಲಕ. ಕಾಫಿ ಹಣ್ಣು ಕುಯ್ಯಲಿ, ಕಣದಲ್ಲಿ ಒಣಗಿಸಲಿ.

ಲೆವೆಟಿರಾಸಿಟಮ್ ಎಂಬ ಫಿಟ್ಸ್ ಮಾತ್ರೆ ಶುರುವಾದ ಮೇಲೆ ಸಿಡುಕು, ಅಳು, ಸಾಯುವ ಮಾತು ಕಂಡರೆ ಸ್ವಭಾವ ಕೆಟ್ಟಿತೆಂದು ಬೈಯಬೇಡಿ. ಅದು ಮಾತ್ರೆಯ ಅಡ್ಡಪರಿಣಾಮವಿರಬಹುದು, ನೀವಾಗಿ ನಿಲ್ಲಿಸದೆ ಕೂಡಲೇ ಡಾಕ್ಟರಿಗೆ ತಿಳಿಸಿ. ಎರಡು ವಾರ ಸತತ ಬೇಸರ, ಊಟ ನಿದ್ದೆ ಕೆಟ್ಟಿದ್ದರೆ ಖಿನ್ನತೆಗೂ ಚಿಕಿತ್ಸೆ ಬೇಕು. ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆಗಳು ಸಾಮಾನ್ಯವಾಗಿ ಫಿಟ್ಸ್ ಹೆಚ್ಚಿಸುವುದಿಲ್ಲ. ಅದೇ ಬಗೆಯ ಬುಪ್ರೊಪಿಯಾನ್ ಹೆಚ್ಚಿಸಬಹುದು, ಹಾಗಾಗಿ ಮನೋವೈದ್ಯರಿಗೆ ಫಿಟ್ಸ್ ವಿಷಯ ಮೊದಲೇ ಹೇಳಿ. ಸಾಯುವ ಮಾತು ಬಂದರೆ ಒಂಟಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.