ಸ್ಟೋರ್ ರೂಮಿನ ಮೈಕ್ರೋಸ್ಕೋಪು

ಬೀದರ್‌ನಲ್ಲಿ ಬಿವಿಎಸ್ಸಿ, ಅಂದರೆ ಪಶುವೈದ್ಯ ಪದವಿ ಓದುವಾಗ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಅಂದರೆ ಕೈ ನೇರಳೆ ಆಗುವ ಕ್ಲಾಸು, ಅಷ್ಟೇ. ಸ್ಟೇನ್ ಅಂದರೆ ಬಣ್ಣದ ಬಾಟಲಿ ತುಂಬಿಸಿ ಇಡುವವರು ಬೇರೆ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಹಾಕಿ ಇಡುವವರು ಬೇರೆ. ನಾವು ಹೋಗಿ ನೋಡಿ, ಚಿತ್ರ ಬರೆದು, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಬರುತ್ತಿದ್ದೆವು. ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ಪಶು ಆಸ್ಪತ್ರೆಗೆ ಬಂದ ಮೇಲೆ ಗೊತ್ತಾಯಿತು, ಆ ಬಾಟಲಿ ತುಂಬಿಸುವುದೇ ಅರ್ಧ ವಿದ್ಯೆ ಅಂತ.

ಇಲ್ಲಿ ಸ್ಟೋರ್ ರೂಮಿನಲ್ಲಿ ಲಸಿಕೆಯ ಥರ್ಮಾಕೋಲ್ ಡಬ್ಬಗಳ ಹಿಂದೆ ಒಂದು ಮೈಕ್ರೋಸ್ಕೋಪು ಸಿಕ್ಕಿತು. ಎಣ್ಣೆ ಹಾಕಿ ನೋಡುವ ನೂರರ ಲೆನ್ಸಿನ ಮೇಲೆ ಯಾವ ಕಾಲದ್ದೋ ಎಣ್ಣೆ ಒಣಗಿ ಅಂಟಾಗಿತ್ತು. ಝೈಲೀನ್ ಒಂದೇ ಒಂದು ಹನಿ, ಲೆನ್ಸ್ ಪೇಪರು, ಅರ್ಧ ಗಂಟೆ ತಾಳ್ಮೆ. ಕಣ್ಣಿಟ್ಟರೆ ಬೆಳಕು ಕಂಡಿತು. ನಮ್ಮ ಅಟೆಂಡರ್ ಅಣ್ಣ ಪಕ್ಕದಲ್ಲೇ ನಿಂತಿದ್ದರು. "ಇದು ನಡೀತದೇನ್ರಿ ಮೇಡಂ? ನಾ ಇದನ್ನ ಗುಜರಿ ಲಿಸ್ಟಿಗೆ ಬರಸಿದ್ದೆ" ಅಂದರು.

ಮೊದಲ ಸ್ಲೈಡು ಕೆಚ್ಚಲು ಬಾವಿನ ಹಾಲಿನದು. ಬ್ಯಾಕ್ಟೀರಿಯಾವನ್ನು ನೇರಳೆ, ಗುಲಾಬಿ ಅಂತ ಎರಡು ಗುಂಪು ಮಾಡಿ ತೋರಿಸುವ ಗ್ರಾಂ ಸ್ಟೇನ್ ಮಾಡಿ ನೋಡಿದೆ. ಎಲ್ಲಿ ನೋಡಿದರೂ ನೇರಳೆ ಗುಂಡುಗಳು! ಕೆಚ್ಚಲು ಬಾವು ತರುವ ಗುಂಡು ಬ್ಯಾಕ್ಟೀರಿಯಾ ಸ್ಟೆಫೈಲೋಕಾಕಸ್ ಸಿಕ್ಕೇಬಿಟ್ಟಿತು ಅಂತ ಫೋನಿನಲ್ಲಿ ಫೋಟೋ ತೆಗೆದು ಕಾಲೇಜಿನ ಸೀನಿಯರ್ ಒಬ್ಬರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವರದೇ ಫೋನ್ ಬಂತು. "ಅಲ್ಲ ತಂಗಿ, ಒಂದು ಗುಂಡು ಸಾಸಿವೆ ಅದ, ಇನ್ನೊಂದು ಕಡ್ಲಿ ಅದ. ಒಂದೇ ಜಾತಿ ಹಂಗಿರ್ತಾವೇನು? ಹಾಲು ಹಾಕದ ಖಾಲಿ ಸ್ಲೈಡಿಗೆ ಬಣ್ಣ ಹಾಕಿ ನೋಡು."

ನೋಡಿದೆ. ಖಾಲಿ ಸ್ಲೈಡಿನಲ್ಲೂ ಅವೇ ಗುಂಡುಗಳು.

ಎರಡು ತಪ್ಪಾಗಿದ್ದವು. ನಮ್ಮ ಬಿಸಿಲಿಗೆ ಕ್ರಿಸ್ಟಲ್ ವಯಲೆಟ್ ಅನ್ನುವ ನೇರಳೆ ಸ್ಟೇನ್ ಆರಿ ಆರಿ ಬಾಟಲಿಯ ತಳದಲ್ಲಿ ಹರಳು ಕಟ್ಟಿತ್ತು. ಮೇಲಿಂದ ನಾನು ತೊಳೆದಿದ್ದು ಬೋರಿನ ನೀರಿನಲ್ಲಿ. ಆ ನೀರು ಆರಿದರೆ ಬಕೆಟಿನ ಅಂಚಿಗೇ ಬಿಳಿ ಗೆರೆ ಬೀಳುತ್ತದೆ, ಸ್ಲೈಡಿನ ಮೇಲೆ ಬೀಳದೆ ಇರುತ್ತದಾ? ಅವತ್ತಿನಿಂದ ಸ್ಟೇನನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿಯೇ ಹಾಕುತ್ತೇನೆ. ತೊಳೆಯಲು ಊರಿನ ಫಿಲ್ಟರ್ ನೀರಿನ ಕ್ಯಾನು. ರಕ್ತದ ಸ್ಲೈಡಿಗೆ ಲೀಶ್ಮನ್ ಸ್ಟೇನ್ ಹಾಕುವಾಗ ಈ ನೀರಿನ ಕಾಟ ಇನ್ನೂ ಜಾಸ್ತಿ. ಕ್ಷಾರದ ನೀರು ಬಿದ್ದರೆ ಇಡೀ ಸ್ಲೈಡ್ ನೀಲಿಗೆ ತಿರುಗುತ್ತದೆ. ಅದಕ್ಕೆ ಪಿಎಚ್ 6.8ರ ಬಫರ್, ಅಂದರೆ ಪಿಎಚ್ ಬದಲಾಗದ ಹಾಗೆ ಹಿಡಿದಿಡುವ ದ್ರಾವಣ ಮಾಡಿಕೊಳ್ಳಲೇಬೇಕು.

ಗ್ರಾಂ ಸ್ಟೇನ್ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಪರೀಕ್ಷೆಗೆ ಬಾಯಿಪಾಠ ಇತ್ತು. ನನಗೆ ನಿಜವಾಗಿ ಅರ್ಥವಾಗಿದ್ದು ಇಲ್ಲಿನ ಮನೆಗಳನ್ನು ನೋಡಿ. ನಮ್ಮ ಕಡೆ ಹಳೆಯ ಮಾಳಿಗೆ ಮನೆಯ ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇರುತ್ತದೆ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾದ್ದು ಅಂಥ ಗೋಡೆ, ಪದರದ ಮೇಲೆ ಪದರ ಪೆಪ್ಟಿಡೋಗ್ಲೈಕನ್, ಅದೇ ಆ ಗೋಡೆಯ ಮಣ್ಣು. ಗ್ರಾಂ ನೆಗೆಟಿವ್‌ಗೆ ಆ ಗೋಡೆ ತೆಳ್ಳಗೆ, ಆದರೆ ಅದರ ಹೊರಗೆ ಕೊಬ್ಬಿನಂಶದ ಇನ್ನೊಂದು ಪೊರೆ. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ ಹಾಕಿದಾಗ ಎರಡೂ ನೇರಳೆ ಆಗುತ್ತವೆ. ಆಮೇಲೆ ಅಯೋಡಿನ್ ಒಂದು ನಿಮಿಷ. ಅದು ಬಣ್ಣದ ಜೊತೆ ಸೇರಿ ಒಳಗೇ ದೊಡ್ಡ ಗಂಟಾಗುತ್ತದೆ. ಈಗ ಆಲ್ಕೋಹಾಲ್ ಬಿಟ್ಟರೆ ದಪ್ಪ ಗೋಡೆ ಒಣಗಿ ಬಿಗಿದುಕೊಳ್ಳುತ್ತದೆ, ಗಂಟು ಹೊರಗೆ ಬರುವುದಿಲ್ಲ. ಇನ್ನೊಂದರ ಪೊರೆ ಕರಗಿ ಬಣ್ಣ ತೊಳೆದುಹೋಗುತ್ತದೆ. ಕೊನೆಗೆ ಸ್ಯಾಫ್ರನಿನ್ ಹಾಕಿದಾಗ ಅದು ಗುಲಾಬಿಯಾಗಿ ಕಾಣುತ್ತದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಗ್ರಾಂ 1884ರಲ್ಲಿ ಇದನ್ನು ಪ್ರಕಟಿಸಿದ. ಆ ಕೊನೆಯ ಕೆಂಪು ಬಣ್ಣ ಅವನದಲ್ಲ, ಬೇರೆಯವರು ಆಮೇಲೆ ಸೇರಿಸಿದ್ದು.

ಗೋಡೆಯೇ ಇಲ್ಲದವೂ ಇವೆ, ಮೈಕೋಪ್ಲಾಸ್ಮಾ. ಆಡಿನ ನ್ಯುಮೋನಿಯಾದಲ್ಲಿ ಕಾಡುವುದು. ಅದಕ್ಕೆ ಗ್ರಾಂ ಸ್ಟೇನೂ ಉಪಯೋಗವಿಲ್ಲ, ಪೆನಿಸಿಲಿನ್ನೂ ನಡೆಯುವುದಿಲ್ಲ. ಪೆನಿಸಿಲಿನ್ ಕೆಡಿಸುವುದು ಗೋಡೆ ಕಟ್ಟುವ ಕೆಲಸವನ್ನು. ಗೋಡೆಯೇ ಇಲ್ಲ ಅಂದಮೇಲೆ ಕೆಡಿಸುವುದೇನನ್ನು?

ಕೈ ತಪ್ಪುವುದು ಆಲ್ಕೋಹಾಲಿನಲ್ಲಿ. ಸ್ವಲ್ಪ ಜಾಸ್ತಿ ಬಿಟ್ಟರೆ ಎಲ್ಲವೂ ಗುಲಾಬಿ, ಕಡಿಮೆ ಬಿಟ್ಟರೆ ಎಲ್ಲವೂ ನೇರಳೆ. ಸ್ಲೈಡನ್ನು ಓರೆ ಹಿಡಿದು ಹನಿ ಹನಿಯಾಗಿ ಬಿಟ್ಟು, ಕೆಳಗೆ ಇಳಿಯುವ ಹನಿಯಲ್ಲಿ ನೇರಳೆ ನಿಂತ ಕೂಡಲೇ ತೊಳೆದುಬಿಡುತ್ತೇನೆ. ಎಣಿಸಿದರೆ ಹತ್ತು ಹದಿನೈದು ಸೆಕೆಂಡು. ಆದರೂ ನನ್ನ ಕೈಯನ್ನು ನಾನು ನಂಬುವುದಿಲ್ಲ. ಒಂದೇ ಸ್ಲೈಡಿನಲ್ಲಿ ಮೂರು ಸ್ಮಿಯರ್, ಅಂದರೆ ತೆಳ್ಳಗೆ ಸವರಿದ ಪದರ ಹಾಕುತ್ತೇನೆ. ನಡುವೆ ಪರೀಕ್ಷೆಯದು. ಎಡಕ್ಕೆ ಮನೆಯ ಮೊಸರು, ಒಂದು ಹನಿ ನೀರಿನಲ್ಲಿ ತೆಳ್ಳಗೆ ಮಾಡಿದ್ದು. ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಗ್ರಾಂ ಪಾಸಿಟಿವ್, ನೇರಳೆಯಾಗಿಯೇ ಕಾಣಬೇಕು. ಬಲಕ್ಕೆ ಗೊತ್ತಿರುವ ಇ. ಕೋಲಿ, ಕರುಳಿನ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ, ಅದು ಗುಲಾಬಿ. ಈ ಎರಡರಲ್ಲಿ ಒಂದು ತಪ್ಪಿದರೂ ನಡುವಿನದನ್ನು ಓದುವುದೇ ಇಲ್ಲ, ಸ್ಲೈಡು ಬಕೆಟಿಗೆ. ಊಟದ ಡಬ್ಬಿಯ ಮೊಸರು ಟೇಬಲ್ಲಿಗೆ ಬರುವುದು ನೋಡಿ ಅಟೆಂಡರ್ ಅಣ್ಣ ಇವತ್ತಿಗೂ ನಗುತ್ತಾರೆ.

ಪ್ಲೇಟಿನ ಮೇಲೆ ಕಾಲನಿ, ಅಂದರೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾದ ಗುಪ್ಪೆ ಬೆಳೆದಿದ್ದರೆ ಗ್ರಾಂ ಸರಿ ಬಂತಾ ಅಂತ ತಾಳೆ ನೋಡಲು ಇನ್ನೊಂದು ಸುಲಭದ ದಾರಿ ಇದೆ. ಶೇ. 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ. ಅದರಲ್ಲಿ ಕಾಲನಿಯ ಚೂರು ಹಾಕಿ ಕಡ್ಡಿಯಿಂದ ಅರ್ಧ ನಿಮಿಷ ಕಲಸಿ ಮೆಲ್ಲಗೆ ಎತ್ತಬೇಕು. ಗ್ರಾಂ ನೆಗೆಟಿವ್ ಆದರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ತೆಳ್ಳನೆ ಗೋಡೆ ಒಡೆದು ಒಳಗಿನ ಡಿಎನ್‌ಎ ಹೊರಗೆ ಬಿದ್ದಿರುತ್ತದೆ, ಆ ಎಳೆ ಅದರದು. ಪಾಸಿಟಿವ್ ಆದರೆ ನೀರು ನೀರಾಗಿಯೇ ಇರುತ್ತದೆ.

ಈಗ ಎಮ್ಮೆಯ ಕಥೆ. ಕಾಲುವೆ ಕಡೆಯ ಹಳ್ಳಿಯಿಂದ ಒಬ್ಬ ಅಮ್ಮ ಬಂದಿದ್ದರು. "ಡಾಕ್ಟ್ರಮ್ಮಾರ, ಒಂದು ಮೊಲಿ ಗಟ್ಟ್ಯಾಗ್ಯದ. ಸೂಜಿ ಮ್ಯಾಲ ಸೂಜಿ ಆತು. ವಾರ ಆರಾಮ ಇರ್ತದ, ಮತ್ತ ಹಂಗ ಆಗ್ತದ." ನಾನು ಅಲ್ಲೇ ಬಾಟಲಿಗೆ ಹಾಲು ಹಿಂಡಿಸಿಕೊಂಡು ಬಂದು ಪ್ಲೇಟಿಗೆ ಎಳೆದೆ. ಮರುದಿನ ಪ್ಲೇಟಿನ ಮೇಲೆ ನಾಲ್ಕು ತರದ ಕಾಲನಿ, ಒಂದು ಮೂಲೆಯಲ್ಲಿ ಬೂಸ್ಟು ಬೇರೆ. ಕೆಚ್ಚಲಿನ ರೋಗಕ್ಕೆ ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು ಜಾತಿ ಕಾರಣ. ಮೂರು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಸಗಣಿ, ಕೈ, ಬಾಟಲಿ ಎಲ್ಲ ಸೇರಿ ಬೆಳೆದದ್ದು. ನಾನು ಬೆಳೆಸಿದ್ದು ಕೊಟ್ಟಿಗೆಯನ್ನು.

ಮತ್ತೆ ಹೋದೆ, ಬೆಳಿಗ್ಗೆ ಐದೂವರೆಗೆ, ಹಾಲು ಕರೆಯುವ ಮುಂಚೆ. ಕೆಚ್ಚಲು ತೊಳೆದು ಪೂರ್ತಿ ಒಣಗಿಸಿದೆವು. ಒದ್ದೆ ಇದ್ದರೆ ನೀರು ಮೊಲೆಯ ತುದಿಗೆ ಇಳಿದು ಟ್ಯೂಬಿಗೆ ಬೀಳುತ್ತದೆ. ಮೊಲೆಯ ತುದಿಯನ್ನು ಶೇ. 70ರ ಆಲ್ಕೋಹಾಲ್ ಹತ್ತಿಯಿಂದ ಒರೆಸಿದೆ. ಹತ್ತಿಯ ಮೇಲೆ ಕೊಳೆ ಬರುವುದು ನಿಲ್ಲುವ ತನಕ ಹತ್ತಿ ಬದಲಿಸಿದೆ. ಮೊದಲ ಮೂರು ಧಾರೆ ನೆಲಕ್ಕೆ ಬಿಡದೆ ಬೇರೆ ಪಾತ್ರೆಗೆ. ಆಮೇಲೆ ಟ್ಯೂಬನ್ನು ಮಲಗಿಸಿದ ಹಾಗೆ ಹಿಡಿದು ಎರಡು ಧಾರೆ. ಮುಚ್ಚಳವನ್ನು ಬಾಯಿ ಕೆಳಗೆ ಮಾಡಿ ಬೆರಳ ಸಂದಿಯಲ್ಲೇ ಹಿಡಿದಿದ್ದೆ. ಐಸ್ ಇದ್ದ ಲಸಿಕೆ ಡಬ್ಬದಲ್ಲಿ ಇಟ್ಟುಕೊಂಡು ಬಂದೆ.

ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಹಾಕುವ ರಕ್ತ ಬೆರೆಸಿದ ಜೆಲ್ಲಿ, ರಕ್ತದ ಅಗಾರ್‌ಗೆ ಇಲ್ಲಿ ಬರವಿಲ್ಲ, ಕುರಿಗಳ ಊರು ಇದು. ಗಾಜಿನ ಮಣಿ ಹಾಕಿದ ಶುದ್ಧ ಬಾಟಲಿಗೆ ರಕ್ತ ತೆಗೆದು ಹೆಪ್ಪುಗಟ್ಟದ ಹಾಗೆ ತಿರುಗಿಸುತ್ತಲೇ ಇರಬೇಕು. ಅದನ್ನು ಕೈ ಸಹಿಸುವಷ್ಟು ತಣಿದ ಅಗಾರ್‌ಗೆ ಶೇ. 5ರಷ್ಟು ಸೇರಿಸುತ್ತೇನೆ. ಅಗಾರ್ ಬೇಯಿಸುವುದು ಮನೆಯ ಕುಕ್ಕರಿನಲ್ಲಿ, ಆ ಕೆಲಸಕ್ಕೇ ಇಟ್ಟಿರುವ ಕುಕ್ಕರು. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ.

ಈ ಸಲ ಒಂದೇ ತರದ ಕಾಲನಿ ಬಂತು. ಹೊನ್ನಿನ ಬಣ್ಣ, ಸುತ್ತ ರಕ್ತಕಣ ಒಡೆದ ಎರಡು ಉಂಗುರ: ಒಳಗಿನದು ಪೂರ್ತಿ ತಿಳಿ, ಹೊರಗಿನದು ಮಬ್ಬು. ಗ್ರಾಂನಲ್ಲಿ ನೇರಳೆ ಗುಂಡುಗಳ ಗೊಂಚಲು. ಎಲ್ಲವೂ ಒಂದೇ ಸೈಜು!

ಮುಂದೆ ಕ್ಯಾಟಲೇಸ್ ಅನ್ನುವ ಕಿಣ್ವದ ಪರೀಕ್ಷೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಸ್ಟೆಫೈಲೋಕಾಕಸ್ ನೊರೆ ಎಬ್ಬಿಸುತ್ತದೆ, ಸ್ಟ್ರೆಪ್ಟೋಕಾಕಸ್ ಸುಮ್ಮನಿರುತ್ತದೆ. ಮೆಡಿಕಲ್ ಶಾಪಿನ ಬಾಟಲಿ ಸಾಮಾನ್ಯವಾಗಿ ಶೇ. 6ರದ್ದು, ಅರ್ಧಕ್ಕರ್ಧ ನೀರು ಸೇರಿಸಿಕೊಳ್ಳಬೇಕು. ಇಲ್ಲಿ ಬೀಳುವ ಗುಂಡಿ ಎರಡು. ನಿಕ್ರೋಮ್ ತಂತಿಯ ಲೂಪನ್ನು ಪೆರಾಕ್ಸೈಡಿಗೆ ಅದ್ದಿದರೆ ತಂತಿಯೇ ಗುಳ್ಳೆ ಬಿಡುತ್ತದೆ. ಹಾಗಾಗಿ ನಾನು ಹಲ್ಲುಕಡ್ಡಿ ಬಳಸುತ್ತೇನೆ. ಮತ್ತೆ, ಕಾಲನಿಯ ಜೊತೆ ರಕ್ತದ ಅಗಾರ್ ಕೆರೆದುಬಂದರೂ ಗುಳ್ಳೆ, ಕೆಂಪು ರಕ್ತಕಣದಲ್ಲೂ ಕ್ಯಾಟಲೇಸ್ ಇದೆಯಲ್ವಾ. ಮೇಲ್ಮೇಲೆ ಮುಟ್ಟಿ ತೆಗೆಯಬೇಕು.

ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುವ ಕಿಣ್ವ ಇದೆಯಾ ಅಂತ ನೋಡುವ ಕೋಆಗ್ಯುಲೇಸ್ ಪರೀಕ್ಷೆಯಲ್ಲಿ ನಾನು ಸರಿಯಾಗಿ ಮೋಸ ಹೋದೆ. ಮೊಲದ ಪ್ಲಾಸ್ಮಾದಲ್ಲಿ ಕಾಲನಿ ಕಲಸಿ ಸಂಜೆ 37 ಡಿಗ್ರಿಗೆ ಇಟ್ಟೆ. ಬೆಳಿಗ್ಗೆ ಬಂದು ನೋಡಿದರೆ ನೀರು. ನೆಗೆಟಿವ್ ಅಂತ ಬರೆದುಬಿಟ್ಟೆ. ಕಾಲನಿ ನೋಡಿದರೆ ಹೆಪ್ಪುಗಟ್ಟಿಸುವ ಜಾತಿ ಸ್ಟೆಫೈಲೋಕಾಕಸ್ ಆರಿಯಸ್, ಪರೀಕ್ಷೆ ಅಲ್ಲ ಅನ್ನುತ್ತದೆ. ಮನಸ್ಸು ತಡೆಯಲಿಲ್ಲ. ಮರುದಿನ ಬೆಳಿಗ್ಗೆಯೇ ಇಟ್ಟು ಅರ್ಧ ಗಂಟೆಗೊಮ್ಮೆ ಟ್ಯೂಬನ್ನು ಅಲ್ಲಾಡಿಸದೆ ಮೆಲ್ಲಗೆ ಓರೆ ಮಾಡಿ ನೋಡಿದೆ. ಇಟ್ಟ ಎರಡು ಗಂಟೆಯಲ್ಲಿ ಗಟ್ಟಿ ಮೊಸರಿನ ಹಾಗೆ ಹೆಪ್ಪು. ರಾತ್ರಿ ಹೊತ್ತಿಗೆ ಅದೇ ಹೆಪ್ಪು ಕರಗಿ ನೀರಾಗಿತ್ತು. ಕೆಲವು ತಳಿಗಳು ಸ್ಟೆಫೈಲೋಕೈನೇಸ್ ಅನ್ನುವ ಕಿಣ್ವ ಬಿಟ್ಟು ತಾವೇ ಕಟ್ಟಿದ್ದನ್ನು ತಾವೇ ಕರಗಿಸುತ್ತವೆ. ಇಟ್ಟು ನಾಲ್ಕು ಗಂಟೆಯಾದಾಗ ನೋಡು ಅಂತ ಪುಸ್ತಕದಲ್ಲಿ ಇತ್ತು. ಓದಿದ್ದೆ, ಮಾಡಿರಲಿಲ್ಲ.

ಆ ಅಮ್ಮನಿಗೆ ಹೇಳಿದ್ದು ಇಷ್ಟು: ಇದು ಕೆಚ್ಚಲಿನ ಒಳಗೆ ಅವಿತು ಕೂರುವ ಜಾತಿ, ಸೂಜಿ ನಿಲ್ಲಿಸಿದ ಮೇಲೆ ಮತ್ತೆ ಏಳುವುದು ಅದಕ್ಕೇ. ಯಾವ ಔಷಧ ನಡೆಯುತ್ತದೆ ಅಂತ ಔಷಧ ಹೀರಿದ ಕಾಗದದ ಡಿಸ್ಕ್ ಪ್ಲೇಟಿಗೆ ಹಾಕಿ ನೋಡಿದ್ದೇನೆ, ಅದನ್ನು ಪೂರ್ತಿ ಕೋರ್ಸ್ ಮಾಡೋಣ. ಈ ಎಮ್ಮೆಯನ್ನು ಕೊನೆಗೆ ಕರೆಯಿರಿ, ಕೈ ತೊಳೆಯದೆ ಇನ್ನೊಂದಕ್ಕೆ ಹೋಗಬೇಡಿ. "ಮೊದಲು ಇದನ್ನ ಕರೀತಿದ್ದೆ, ಹಾಲು ಜಾಸ್ತಿ ಕೊಡ್ತದಂತ" ಅಂದರು. ಅವರ ಇನ್ನೊಂದು ಎಮ್ಮೆಯ ಹಾಲಿನಲ್ಲೂ ಅದೇ ಬೆಳೆಯಿತು.

ಮೇ ತಿಂಗಳಲ್ಲಿ ಇನ್ನೊಂದು ತಮಾಷೆ. ಇನ್‌ಕ್ಯುಬೇಟರ್ 37ಕ್ಕೆ ಇಟ್ಟರೆ ಒಳಗಿನ ಥರ್ಮಾಮೀಟರ್ 41 ತೋರಿಸುತ್ತಿತ್ತು. ಕೆಟ್ಟಿದೆ ಅಂತ ಮೆಕ್ಯಾನಿಕ್ ಕರೆಸಿದೆ. ಅವನು ಒಮ್ಮೆ ನೋಡಿ, "ಮೇಡಂ, ಇದು ಬಿಸಿ ಮಾಡ್ತದ, ತಣ್ಣಗ ಮಾಡಂಗಿಲ್ಲ. ನಿಮ್ಮ ರೂಮೇ 41 ಅದ" ಅಂದ. ನನ್ನ ಪುಸ್ತಕಗಳೆಲ್ಲ ಚಳಿ ದೇಶದವರು ಬರೆದವು, ಈ ಸಮಸ್ಯೆ ಅವರಿಗೆ ಹೊಳೆದಿಲ್ಲ. ಈಗ ಬೇಸಿಗೆಯಲ್ಲಿ ಪ್ಲೇಟುಗಳನ್ನು ಪಾಲಿಥಿನ್ ಚೀಲದಲ್ಲಿ ಕಟ್ಟಿ, ದೊಡ್ಡ ಮಣ್ಣಿನ ಗಡಿಗೆಯಲ್ಲಿ ಬೋರಲು ಇಟ್ಟು, ಸುತ್ತ ಒದ್ದೆ ಗೋಣಿಚೀಲ ಸುತ್ತುತ್ತೇನೆ. ನಮ್ಮದು ಒಣ ಬಿಸಿಲು, ಗಡಿಗೆ ಚೆನ್ನಾಗಿ ತಣಿಯುತ್ತದೆ. ಗೋಣಿಗೆ ನೀರು ಎಷ್ಟು ಹೊತ್ತಿಗೊಮ್ಮೆ ಅನ್ನುವುದು ಅಟೆಂಡರ್ ಅಣ್ಣನ ಖಾತೆ.

ಎಲ್ಲವನ್ನೂ ಈ ಟೇಬಲ್ಲಿನ ಮೇಲೆ ಬೆಳೆಸುವುದಿಲ್ಲ. ಕಂದು ಹಾಕಿದ ಹಸುವಿನ ಮಾಸು ಬಂದರೆ ಕಂದು ಹಾಕಿಸುವ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಇರಬಹುದು, ಅದು ನಮಗೂ ಅಂಟುತ್ತದೆ. ಸೀರಂ ತೆಗೆದು ಬ್ರುಸೆಲ್ಲಾ ಪತ್ತೆಯ ರೋಸ್ ಬೆಂಗಾಲ್ ಪರೀಕ್ಷೆ ಮಾಡುತ್ತೇನೆ. ಉಳಿದದ್ದು ದೊಡ್ಡ ಲ್ಯಾಬಿಗೆ.

ನೆರಡಿ ರೋಗವೂ ಹಾಗೇ, ಅಂದರೆ ಆಂಥ್ರಾಕ್ಸ್. ಒಂದು ಸಲ ಲಿಂಗಸುಗೂರು ಕಡೆಯ ಕುರಿಗಾಹಿಗಳು ಫೋನ್ ಮಾಡಿದರು. ರಾತ್ರೋರಾತ್ರಿ ಎರಡು ಕುರಿ ಸತ್ತಿದ್ದವು, ಮೂಗಿನಲ್ಲಿ ರಕ್ತ. ನಾನು ಹೋಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಚರ್ಮ ಸುಲಿಯಲು ಚಾಕು ಸಿದ್ಧವಾಗಿತ್ತು. ಬೇಡ ಅಂದೆ. ಈ ಬ್ಯಾಕ್ಟೀರಿಯಾ ಮೈಯೊಳಗೆ ಇರುವಾಗ ಸ್ಪೋರ್, ಅಂದರೆ ಬೀಜದಂಥ ಗಟ್ಟಿ ರೂಪ ಕಟ್ಟುವುದಿಲ್ಲ. ಹೆಣ ಕೊಯ್ದು ಗಾಳಿ ತಾಗಿದರೆ ಕಟ್ಟುತ್ತದೆ, ಆ ಸ್ಪೋರ್ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಅದೇ ಜಾಗದಲ್ಲಿ ಅವರ ಕುರಿ ಮುಂದಿನ ವರ್ಷವೂ ಮೇಯಬೇಕಲ್ಲ.

ಕೈಗವಸು ಹಾಕಿ ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಸ್ಮಿಯರ್ ಮಾಡಿದೆ, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಕಟ್ಟಿದೆ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಅನ್ನುವ ಸ್ಟೇನ್ ಹಾಕಿದರೆ ಆಂಥ್ರಾಕ್ಸ್ ಚೌಕ ತುದಿಯ ನೀಲಿ ಕಡ್ಡಿಗಳಾಗಿ, ಸುತ್ತ ಗುಲಾಬಿ ಮಬ್ಬಿನೊಂದಿಗೆ ಕಾಣುತ್ತದೆ. ಆ ಮಬ್ಬು ಅದರ ಕ್ಯಾಪ್ಸೂಲ್, ಹೊರಗಿನ ಕವಚ. ಬ್ರಿಟನ್ನಿನ ಪಶುವೈದ್ಯ ಮೆಕ್‌ಫೇಡಿಯನ್ 1903ರಲ್ಲಿ ಹೇಳಿದ್ದು ಇದನ್ನೇ. ನನ್ನ ಸ್ಲೈಡಿನಲ್ಲಿ ಕಡ್ಡಿಗಳಿದ್ದವು. ಕ್ಯಾಪ್ಸೂಲ್ ಇರಲಿಲ್ಲ. ಬಿಸಿಲಿನಲ್ಲಿ ಬಿದ್ದ ಹೆಣದಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಬೇಗ ತುಂಬಿಕೊಳ್ಳುತ್ತದೆ, ಅದೂ ಕಡ್ಡಿಯೇ. ಆಂಥ್ರಾಕ್ಸ್ ಇದ್ದರೂ ಅಷ್ಟು ಹೊತ್ತಿಗೆ ಅದರ ಕ್ಯಾಪ್ಸೂಲ್ ಅಳಿದಿರಬಹುದು. ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು.

"ಹಂಗಾದ್ರ ನೆರಡಿ ರೋಗ ಹೌದೋ ಅಲ್ಲೋ ಮೇಡಮ್ಮಾರ?" ಅಂತ ಹಿರಿಯ ಕುರಿಗಾಹಿ ಕೇಳಿದರು. ಲ್ಯಾಬಿನಿಂದ ಬರುವ ತನಕ ಹೌದು ಅಂತಲೇ ಇಟ್ಟುಕೊಳ್ಳಿ ಯಜಮಾನ್ರೇ ಅಂದೆ. ಆಳುದ್ದ ಗುಂಡಿ ತೋಡಿ, ಸುಣ್ಣ ಹಾಕಿ ಎರಡನ್ನೂ ಹಾಗೇ ಹೂತರು. ಕೆಲವು ದಿನ ಬಿಟ್ಟು ಲ್ಯಾಬಿನ ಉತ್ತರ ಬಂತು, ಆಂಥ್ರಾಕ್ಸ್ ಸಿಕ್ಕಿಲ್ಲ. ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಕುರಿಗಳ ಸದ್ದಷ್ಟೇ ಕೇಳಿತು. "ಹೌದಾ... ಎರಡು ಚರ್ಮ ಹೋದ್ವು ನೋಡ್ರಿ" ಅಂದರು. ಆಮೇಲೆ, "ಉಳಿದವಕ್ಕ ಸೂಜಿ ಯಾವಾಗ ಹಾಕ್ತೀರಿ?" ಅಂತ ಕೇಳಿದರು.