ಹಲಸಿನ ತಾಯಿಮರ ಆರಿಸುವ ಬಗೆ

ಮಂಗಳೂರು, ಉಡುಪಿಯ ಹಿತ್ತಲು ಗುಡ್ಡೆಗಳಲ್ಲಿರುವ ಹಲಸು ಹೆಚ್ಚಿನವೂ ಬೇಳೆಯಿಂದ, ಅಂದರೆ ಬೀಜದಿಂದ, ಎದ್ದ ಮರಗಳು. ಪರಾಗ ಬೇರೆ ಮರದಿಂದ ಬರುವುದರಿಂದ ಒಂದೇ ಹಣ್ಣಿನ ಹತ್ತು ಬೇಳೆ ನೆಟ್ಟರೆ ಹತ್ತೂ ಬೇರೆ ಬೇರೆ ಗುಣದವು. ಕಸಿಗೆ ಕುಡಿ ಕೊಡುವ ತಾಯಿಮರವನ್ನು ಆರಿಸಿಕೊಳ್ಳಲು ಇಷ್ಟು ವೈವಿಧ್ಯ ಇರುವುದು ಅದರಿಂದಲೇ.

ಮರ ಯಾತಕ್ಕೆ ಎಂಬುದು ಮೊದಲು ತೀರ್ಮಾನವಾಗಲಿ. ಚಿಪ್ಸ್, ಹಪ್ಪಳಕ್ಕೆ ಗಟ್ಟಿ ಸೊಳೆಯ ಬಕ್ಕೆ. ಹಾಗೆಂದು ಮೆತ್ತನೆ ಸೊಳೆಯ ತುಳುವೆಯನ್ನು ತಳ್ಳಿಬಿಡಬೇಡಿ. ಗಟ್ಟಿ ಎಂಬ ಕಡುಬಿಗೆ, ಬೆಲ್ಲ ಹಾಕಿ ಕಾಯಿಸುವ ಬೆರಟಿಗೆ ಅದರ ರಸ, ಪರಿಮಳವೇ ಬೇಕು.

ಒಂದು ಮರದಿಂದ ಕನಿಷ್ಠ 3 ಹಣ್ಣು ನೋಡಿ, 5 ಆದರೆ ಒಳ್ಳೆಯದು. ಮುಳ್ಳು ಅಗಲವಾಗಿ, ಬಡಿದರೆ ಪೊಳ್ಳು ಸದ್ದು ಬರುವ ಬಲಿತ ಕಾಯಿಯನ್ನು ಹಗ್ಗ ಕಟ್ಟಿಯೇ ಇಳಿಸಿ. ಎಳತು ಕೊಯ್ದರೆ ಎಷ್ಟು ದಿನ ಇಟ್ಟರೂ ಸಿಹಿ ಕೂಡುವುದಿಲ್ಲ, ತಪ್ಪು ಮರದ ತಲೆಗೆ ಬರುತ್ತದೆ. ಹೋಲಿಕೆ ಎಪ್ರಿಲ್, ಮೇಯಲ್ಲೇ ಮುಗಿಯಲಿ. ಜೂನ್ ಮಳೆ ಹಿಡಿದ ಮೇಲೆ ಅದೇ ಮರದ ಸೊಳೆ ನೀರುನೀರಾಗಿ ಸಪ್ಪೆಯಾಗುತ್ತದೆ.

ಕತ್ತಿಗೆ ತೆಂಗಿನೆಣ್ಣೆ ಸವರಿ ಹಣ್ಣನ್ನು ಉದ್ದಕ್ಕೆ ಸೀಳಿ. ಸೊಳೆ, ಬೇಳೆ, ಸಾರೆ (ಸೊಳೆಯ ಸುತ್ತಲಿನ ಎಳೆಗಳು), ಗೂಂಜು (ನಡುವಿನ ದಿಂಡು) ಬೇರೆ ಬೇರೆ ತೂಗಿ. 14 ಕಿಲೋ ಹಣ್ಣಿನಲ್ಲಿ ಬೇಳೆ ತೆಗೆದ ಸೊಳೆ 3.5 ಕಿಲೋ ಸಿಕ್ಕರೆ ಅದು ಶೇ. 25. ಇನ್ನೊಂದು 8 ಕಿಲೋದ್ದೇ ಆದರೂ 2.8 ಕಿಲೋ ಸೊಳೆ ಕೊಟ್ಟರೆ ಶೇ. 35, ನಾವು ಹುಡುಕುವುದು ಈ ಎರಡನೆಯದನ್ನು. ತುಮಕೂರಿನ ಕೆಂಪು ಸೊಳೆಯ 'ಸಿದ್ದು' ಹಣ್ಣು ಸುಮಾರು ಎರಡೂವರೆ ಕಿಲೋ ಮಾತ್ರ. ಸಣ್ಣ ಮನೆಗೆ ಬೇಕಾದದ್ದೂ ಅಂಥದ್ದೇ.

ಸಿಹಿ ಅಳೆಯಲು ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ತನ್ನಿ. ತೊಟ್ಟಿನ ಬದಿ, ನಡು, ತುದಿ ಮೂರೂ ಕಡೆಯ ಸೊಳೆಯನ್ನು ತೆಳು ಬಟ್ಟೆಯಲ್ಲಿ ಹಿಂಡಿ, ಎರಡೆರಡು ಹನಿ ಹಾಕಿ ಸರಾಸರಿ ಬರೆಯಿರಿ. ಒಂದೇ ಹಣ್ಣಿನೊಳಗೂ ಸಿಹಿ ಒಂದೇ ಸಮ ಇರುವುದಿಲ್ಲ. ಬಣ್ಣ, ಮೇಣ, ನಾರು, ಸೊಳೆಯ ದಪ್ಪ ಕೂಡ ದಾಖಲಾಗಲಿ.

ಹೆಚ್ಚಿನವರು ಎಡವುವುದು ದನದ ಹಟ್ಟಿ ಪಕ್ಕದ ಮರದಲ್ಲಿ. ಅಲ್ಲಿ ಗೊಬ್ಬರ, ನೀರು ಯಥೇಚ್ಛ. ಹಣ್ಣಿನ ಗಾತ್ರ, ಸಂಖ್ಯೆ ಮರದ ಗುಣವೋ ನೆಲದ ಗುಣವೋ ತಿಳಿಯುವುದಿಲ್ಲ. ಒಣ ಮುರಕಲ್ಲಿನ (ಕೆಂಪು ಕಲ್ಲಿನ) ಗುಡ್ಡೆಯಲ್ಲೂ ಪ್ರತಿ ವರ್ಷ ಕಾಯಿ ಹಿಡಿಯುವ ಮರಕ್ಕೆ ಹೆಚ್ಚು ಅಂಕ ಕೊಡಿ. ಮೂರು ಹಂಗಾಮಿನ ಲೆಕ್ಕ ಕೈಯಲ್ಲಿರಲಿ.

ಕೊನೆಗೆ ಕಸಿ. ಬೇಳೆ ಒಣಗಿದರೆ ಹುಟ್ಟುವುದಿಲ್ಲ, ಆದ್ದರಿಂದ ಬೇರುಗಿಡಕ್ಕೆ, ಅಂದರೆ ಕುಡಿ ಕಟ್ಟುವ ಬುಡದ ಗಿಡಕ್ಕೆ, ಹಸಿಯಾಗಿರುವಾಗಲೇ ಬಿತ್ತಿ. ಆರಿಸಿದ ಮರದ ಕುಡಿ ಕಟ್ಟಿದ 4–5 ಗಿಡಗಳನ್ನು ಬೇರೆ ಜಾಗದಲ್ಲಿ ನೆಡಿ. ಅಲ್ಲೂ ಅದೇ ಸಿಹಿ, ಅದೇ ಸೊಳೆ ಬಂದರೆ ಮಾತ್ರ ಅದನ್ನು ತಳಿ ಬೆಳೆಸಲು ತಾಯಿಮರವಾಗಿ ಇಟ್ಟುಕೊಳ್ಳಿ.